14 ಮಾರು ನೀರಲ್ಲಿ ಮೀನು ಎಲ್ಲಿತ್ತು: ಗಂಗೊಳ್ಳಿಯ ಒಂದು ಗಾಳದ ದೋಣಿ, ಒಂದು ಫಿಶ್ ಫೈಂಡರ್

ನಮ್ಮ ಭಾವ ಗಂಗೊಳ್ಳಿಯಲ್ಲಿ ಗಾಳದ ದೋಣಿ ನಡೆಸುತ್ತಾರೆ. 28 ಅಡಿಯ ಫೈಬರ್ ದೋಣಿ, ಔಟ್‌ಬೋರ್ಡ್ ಎಂಜಿನ್, ಭಾವನೂ ಸೇರಿ ಮೂರು ಜನ. ಮಳೆಗಾಲದ ಮೀನುಗಾರಿಕೆ ರಜೆ ಜುಲೈ 31ಕ್ಕೆ ಮುಗಿಯುತ್ತದಲ್ವಾ, ಅದಾದ ಮೇಲೆ ಆಗಸ್ಟ್‌ನಲ್ಲಿ ದೋಣಿಗೆ ಒಂದು ಫಿಶ್ ಫೈಂಡರ್, ಅಂದರೆ ನೀರೊಳಗೆ ಶಬ್ದ ಬಿಟ್ಟು ಕೆಳಗಿನ ತಳ, ಮೀನು ತೋರಿಸುವ ಮೆಷಿನ್, ಹಾಕಿಸಿದರು. ಬಣ್ಣದ ಪರದೆ, 50 ಮತ್ತು 200 ಕಿಲೋಹರ್ಟ್ಸ್ ಶಬ್ದ ಎರಡೂ ಇರುವ 600 ವ್ಯಾಟಿನದ್ದು. ನವೆಂಬರ್ ಹೊತ್ತಿಗೆ ಅದನ್ನು ಬಿಚ್ಚಿ ಮಾರಿಬಿಡುವ ಮಾತಾಡುತ್ತಿದ್ದರು.

"ಎಂತ ಮರಾಯ, ಇದು ಬರೀ ಸುಳ್ಳು ಹೇಳ್ತದೆ. ಪರದೆ ತುಂಬಾ ಮೀನು, ಗಾಳದಲ್ಲಿ ಒಂದೂ ಇಲ್ಲ" ಅಂದರು.

ನಾನು ಕುಂದಾಪುರದಲ್ಲಿ ಎಲೆಕ್ಟ್ರಾನಿಕ್ಸ್ ರಿಪೇರಿ ಮಾಡುವವನು. ಸಮುದ್ರ ಭಾವನಷ್ಟು ಗೊತ್ತಿಲ್ಲ, ಆದರೆ ಶಬ್ದ ಹೇಗೆ ಹೋಗಿ ಹೇಗೆ ವಾಪಸ್ ಬರುತ್ತದೆ ಅನ್ನುವುದು ಗೊತ್ತು. ಮಾರುವ ಮೊದಲು ನನ್ನನ್ನು ಒಮ್ಮೆ ಕರೆದುಕೊಂಡು ಹೋಗಿ ಅಂದೆ. ಒಮ್ಮೆ ಅಂತ ಹೊರಟಿದ್ದು ನಾಲ್ಕು ಸಲ ಆಯಿತು, ನಾಲ್ಕೂ ಸಲ ಅದೇ ಕಲ್ಲಿಗೆ. ಒಂದೇ ಜಾಗ, ಒಂದೇ ಮೆಷಿನ್, ಬದಲಾಗಿದ್ದು ಪರದೆಯ ಮೋಡ್ ಮಾತ್ರ. ಹಾಗಾಗಿ ಯಾವ ಮೋಡ್ ಏನು ತೋರಿಸುತ್ತದೆ, ಏನು ಮುಚ್ಚುತ್ತದೆ ಅನ್ನುವುದು ಇಷ್ಟು ಚೆನ್ನಾಗಿ ಗೊತ್ತಾಯಿತು. ಬೇರೆ ಗಾಳದ ದೋಣಿಯವರಿಗೂ ಬೇಕಾದೀತು ಅಂತ ಪೂರ್ತಿ ಬರೆಯುತ್ತಿದ್ದೇನೆ.

ಕಲ್ಲು ಮತ್ತು ದೂರು

ಅಳಿವೆ ದಾಟಿ ಪಡುವಿಗೆ ಹೋದರೆ 14 ಮಾರು ನೀರಲ್ಲಿ ಒಂದು ಕಲ್ಲು ಸಿಗುತ್ತದೆ. ಪರದೆಯ ಲೆಕ್ಕದಲ್ಲಿ 25 ಮೀಟರ್ ಚಿಲ್ಲರೆ. ಸುತ್ತ ಕೆಸರು, ನಡುವೆ ಈ ಕಲ್ಲು. ಭಾವನ ಅಪ್ಪನಿಗೂ ಗೊತ್ತಿದ್ದ ಜಾಗ ಇದು. ಅವರು ಹಗ್ಗಕ್ಕೆ ಗುಂಡು ಕಟ್ಟಿ ಇಳಿಸಿ, ಕೈಗೆ ಸಿಗುವ ಪೆಟ್ಟಿನಲ್ಲೇ ಕೆಳಗೆ ಕೆಸರೋ ಕಲ್ಲೋ ಅಂತ ಹೇಳುತ್ತಿದ್ದರಂತೆ. ಹವೆ ತಿಳಿಯಾಗಿದ್ದ ದಿನ ಕೊಡಚಾದ್ರಿಯ ತುದಿ ಯಾವ ಗುಡ್ಡದ ಮೇಲೆ ಬರುತ್ತದೆ ಅಂತ ನೋಡಿ ಜಾಗ ಹಿಡಿಯುತ್ತಿದ್ದರಂತೆ. ಈಗ ಜಿಪಿಎಸ್ ಇದೆ. ಈ ಕಲ್ಲಿನಲ್ಲಿ ಮುರು, ಕೆಂಬೇರಿ ಸಿಗುತ್ತವೆ. ಎರಡೂ ತಳ ಬಿಟ್ಟು ಜಾಸ್ತಿ ಮೇಲೆ ಬರುವ ಮೀನಲ್ಲ. ಇದೊಂದು ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಎಲ್ಲವೂ ಇದರ ಮೇಲೇ ನಿಂತಿದೆ.

ಹೊರಡುವ ಮೊದಲು ಭಾವ ಮೊಬೈಲಿನಲ್ಲಿ ತೆಗೆದಿಟ್ಟ ಪರದೆಯ ಫೋಟೋಗಳನ್ನು ನೋಡಿದೆ. ಎಲ್ಲದರಲ್ಲೂ ಒಂದೇ ಚಿತ್ರ. 9 ಮೀಟರ್, 10 ಮೀಟರ್, 12 ಮೀಟರ್ ಅಂತ ನಂಬರ್ ಹೊತ್ತ ಮುದ್ದಾದ ಮೀನಿನ ಗುರುತುಗಳು. ಅದರ ಕೆಳಗೆ ಎಷ್ಟೋ ಖಾಲಿ ನೀಲಿ. ಮತ್ತೆ ಕೆಂಪು ತಳ, ಅದರಲ್ಲೊಂದು ದುಂಡನೆಯ ಉಬ್ಬು. ತಳವಂತೂ ಪರದೆಯ ಮೂರನೇ ಒಂದು ಭಾಗಕ್ಕೇ ಬಂದುಬಿಟ್ಟಿತ್ತು, ಅದರ ಕೆಳಗಿನ ಜಾಗವೆಲ್ಲ ಸುಮ್ನೆ ವೇಸ್ಟ್.

ಸೆಟ್ಟಿಂಗ್ ನೋಡಿದಾಗ ಕಾರಣ ಗೊತ್ತಾಯಿತು. ಹಾಕಿಕೊಟ್ಟವರು ರೇಂಜನ್ನು, ಅಂದರೆ ಪರದೆ ಎಷ್ಟು ಆಳದ ತನಕ ತೋರಿಸಬೇಕು ಅನ್ನುವುದನ್ನು, 80 ಮೀಟರ್‌ಗೆ ಇಟ್ಟು ಹೋಗಿದ್ದರು. 50 ಕಿಲೋಹರ್ಟ್ಸ್ ಒಂದೇ ಓಡುತ್ತಿತ್ತು. ವಾಪಸ್ ಬಂದ ಶಬ್ದವನ್ನು ಎಷ್ಟು ಹೆಚ್ಚಿಸಿ ತೋರಿಸಬೇಕು ಅನ್ನುವ ಗೇನ್ ಆಟೋದಲ್ಲಿ, ಮೀನಿನ ಚಿತ್ರ ಹಾಕುವ ಫಿಶ್ ಸಿಂಬಲ್ ಆನ್. 50 ಯಾಕೆ ಅಂತ ಕೇಳಿದೆ. "ಅದರಲ್ಲಿ ಜಾಸ್ತಿ ಕಾಣ್ತದೆ" ಅಂದರು ಭಾವ. ಮಾತು ನಿಜವೇ. ಏನು ಜಾಸ್ತಿ ಕಾಣುತ್ತದೆ ಅನ್ನುವುದೇ ಪ್ರಶ್ನೆಯಾಗಿತ್ತು.

ಮೊದಲ ಸಲ: ಮೀನಿನ ಚಿತ್ರ ತೆಗೆದು ನೋಡಿದ್ದು

ಬೆಳಿಗ್ಗೆ ನಾಲ್ಕೂವರೆಗೆ ಹೊರಟು, ಬೆಳಕು ಹರಿಯುವಾಗ ಕಲ್ಲಿನ ಹತ್ತಿರ ಇದ್ದೆವು. ಮೂಡುಗಾಳಿ ಸಣ್ಣಗೆ ಬೀಸುತ್ತಿತ್ತು, ನೀರು ಶಾಂತವಾಗಿತ್ತು. ನಾನು ಮೊದಲು ಮಾಡಿದ ಕೆಲಸ ಫಿಶ್ ಸಿಂಬಲ್ ಆಫ್ ಮಾಡಿದ್ದು.

ಈ ಸಿಂಬಲ್ ಏನು ಮಾಡುತ್ತದೆ ಅಂತ ಬಿಡಿಸಿ ಹೇಳಬೇಕು. ದೋಣಿಯ ಹಿಂದೆ ನೀರಲ್ಲಿ ಮುಳುಗಿರುವ ಟ್ರಾನ್ಸ್‌ಡ್ಯೂಸರ್ ಒಂದು ಶಬ್ದ ಬಿಡುತ್ತದೆ. ಸಮುದ್ರದ ನೀರಲ್ಲಿ ಶಬ್ದ ಒಂದು ಸೆಕೆಂಡಿಗೆ ಸುಮಾರು 1,500 ಮೀಟರ್ ಓಡುತ್ತದೆ. ನಮ್ಮ ಕಲ್ಲಿನ ತಳಕ್ಕೆ ಹೋಗಿ ಬರಲು ಸೆಕೆಂಡಿನ ಮೂವತ್ತನೇ ಒಂದು ಭಾಗ ಸಾಕು. ದಾರಿಯಲ್ಲಿ ಏನಕ್ಕೆ ತಾಗಿದರೂ ಸ್ವಲ್ಪ ಶಬ್ದ ವಾಪಸ್ ಬರುತ್ತದೆ. ಎಷ್ಟು ಹೊತ್ತಿಗೆ ಬಂತು ಅನ್ನುವುದು ಆಳ, ಎಷ್ಟು ಜೋರಾಗಿ ಬಂತು ಅನ್ನುವುದು ಬಣ್ಣ. ಮೆಷಿನ್‌ಗೆ ಗೊತ್ತಿರುವುದು ಇಷ್ಟೇ. ಸಿಂಬಲ್ ಆನ್ ಇದ್ದರೆ, ತಳದಿಂದ ಬಿಡಿಯಾಗಿ ನಿಂತ, ಒಂದು ಮಟ್ಟಕ್ಕಿಂತ ಜೋರಾದ ಯಾವ ಚುಕ್ಕಿ ಸಿಕ್ಕರೂ ಅದರ ಜಾಗದಲ್ಲಿ ಒಂದು ಮೀನಿನ ಚಿತ್ರ ಹಾಕುತ್ತದೆ. ಇದು ಮೆಷಿನ್‌ನ ಊಹೆ. ಊಹೆ ಬಂದು ಕೂತ ಮೇಲೆ ನಮಗೆ ನಿಜವಾದ ಚುಕ್ಕಿ ನೋಡಲು ಸಿಗುವುದಿಲ್ಲ.

ಚಿತ್ರ ಹೋದಾಗ ಉಳಿದಿದ್ದು 8ರಿಂದ 12 ಮೀಟರ್ ನಡುವೆ ತೆಳು ನೀಲಿ-ಹಸಿರು ಚುಕ್ಕಿಗಳ ಒಂದು ಪದರ. ಒಂದೇ ಒಂದು ಕಮಾನು ಇಲ್ಲ. ದೋಣಿ ಚಲಿಸುವಾಗ ಮೀನೊಂದು ಶಬ್ದದ ಹರವಿನೊಳಗೆ ಬಂದು ಹೊರಗೆ ಹೋದರೆ, ಮೊದಲು ಅದು ಓರೆಯಲ್ಲಿ ದೂರ ಇರುತ್ತದೆ, ಆಮೇಲೆ ನೇರ ಕೆಳಗೆ ಬಂದಾಗ ಹತ್ತಿರ, ಮತ್ತೆ ದೂರ. ಅದಕ್ಕೇ ಪರದೆಯಲ್ಲಿ ಕಮಾನು ಮೂಡುತ್ತದೆ. ಇಲ್ಲಿ ಕಂಡಿದ್ದು ಹರಡಿದ ಮಂಜು.

200ಕ್ಕೆ ಬದಲಿಸಿದೆ. ಅದೇ ಪದರ ಈಗ ದಟ್ಟ ಮೋಡದ ಹಾಗಾಯಿತು. ಇದು ದೊಡ್ಡ ಸುಳಿವು. 200 ಕಿಲೋಹರ್ಟ್ಸ್ ಶಬ್ದದ ಅಲೆ ನೀರಲ್ಲಿ ಏಳೂವರೆ ಮಿಲಿಮೀಟರ್ ಉದ್ದ, 50ರದ್ದು ಮೂರು ಸೆಂಟಿಮೀಟರ್. ತೀರಾ ಸಣ್ಣ ಜೀವಿಗಳು ಚಿಕ್ಕ ಅಲೆಗೆ ಚೆನ್ನಾಗಿ ಸಿಗುತ್ತವೆ, ಉದ್ದ ಅಲೆಗೆ ಅಷ್ಟಾಗಿ ಸಿಗುವುದಿಲ್ಲ. ಮುರುವಿನಂಥ ಮೀನಿನ ಹೊಟ್ಟೆಯಲ್ಲಿ ಗಾಳಿಚೀಲ ಇರುತ್ತದೆ, ಅದು ಎರಡಕ್ಕೂ ಜೋರಾಗಿ ಉತ್ತರ ಕೊಡುತ್ತದೆ. 200ರಲ್ಲಿ ದಟ್ಟ, 50ರಲ್ಲಿ ತೆಳು ಅಂದರೆ ಅಲ್ಲಿ ಇರುವುದು ಬಹುಮಟ್ಟಿಗೆ ಸಣ್ಣ ತೇಲುವ ಜೀವಿಗಳು. ಭಾವನಿಗೆ ಮಾತಿನಲ್ಲಿ ನಂಬಿಕೆ ಬರಲಿಲ್ಲ. ಸರಿ, 10 ಮೀಟರ್‌ಗೇ ಗಾಳ ಇಳಿಸಿ ಅಂದೆ. ಅರ್ಧ ಗಂಟೆ ಕಾದೆವು. ಹಗ್ಗ ಎಳೆದಾಗ ಬಂದಿದ್ದು ಜೆಲ್ಲಿ ಮೀನಿನ ಲೋಳೆ. ದೋಣಿಯಲ್ಲಿದ್ದ ಹುಡುಗನ ಕೈ ತುರಿಸಿ ಕೆಂಪಾಯಿತು. ಬಿಸಿಲು ಏರಿದ ಹಾಗೆ ಆ ಪದರ ಪರದೆಯಲ್ಲಿ ಎರಡು ಮೀಟರ್ ಕೆಳಗೆ ಇಳಿದದ್ದನ್ನೂ ನೋಡಿದೆವು. ಬೆಳಕು ಬಂದಾಗ ಕೆಳಗೆ, ಕತ್ತಲಾದಾಗ ಮೇಲೆ, ಇದು ಸಣ್ಣ ತೇಲುಜೀವಿಗಳ ದಿನಚರಿ.

ಮೂರು ತಿಂಗಳು ಭಾವ ಗಾಳ ಇಳಿಸಿದ್ದು ಈ ಮೋಡದ ಲೆಕ್ಕದಲ್ಲಿ. ಅಪ್ಪನ ಕಾಲದಲ್ಲಿ ಈ ಕಲ್ಲಿಗೆ ಬಂದವರು ನೇರ ತಳಕ್ಕೆ ಇಳಿಸುತ್ತಿದ್ದರು. ಪರದೆ ಬಂದ ಮೇಲೆ, ಪರದೆ ಹೇಳಿದಲ್ಲಿ ಇಳಿಸಿದರು. ಇದು ಅವರ ತಪ್ಪು ಅಂತ ನನಗೆ ಅನಿಸುವುದಿಲ್ಲ. ಇಷ್ಟು ದುಡ್ಡು ಕೊಟ್ಟು ತಂದ ಸಾಮಾನು ಮೀನಿನ ಚಿತ್ರ ಬರೆದು, ಪಕ್ಕದಲ್ಲಿ ಆಳವನ್ನೂ ಬರೆದು ತೋರಿಸಿದರೆ ಯಾರಾದರೂ ನಂಬುತ್ತಾರೆ. ಹಾಕಿಕೊಡುವವರು ಒಂದು ಗಂಟೆ ಕೂತು ಹೇಳಿಕೊಡಬೇಕಿತ್ತು.

ತಳಕ್ಕೆ ಅಂಟಿದ ಮೀನು ಯಾಕೆ ಕಾಣುವುದಿಲ್ಲ

ಮೋಡ ಮೀನಲ್ಲ ಅಂತಾಯಿತು. ಹಾಗಾದರೆ ಮೀನು ಎಲ್ಲಿ? ತಳದಲ್ಲಿ ಇರಬೇಕು, ಆದರೆ ತಳದ ಹತ್ತಿರ ಪರದೆಯಲ್ಲಿ ಏನೂ ಇಲ್ಲ. ಇದನ್ನು ಭಾವನಿಗೆ ಅರ್ಥ ಮಾಡಿಸಲು ನಾನು ಮನೆಯಲ್ಲಿ ಒಂದು ಹಾಳೆಯ ಮೇಲೆ ಚಿತ್ರ ಬರೆದೆ. ಅದನ್ನೇ ಇಲ್ಲಿ ಮಾತಲ್ಲಿ ಹೇಳುತ್ತೇನೆ.

ಟ್ರಾನ್ಸ್‌ಡ್ಯೂಸರ್‌ನ ಶಬ್ದ ಟಾರ್ಚಿನ ಬೆಳಕಿನ ಹಾಗೆ ಅಗಲವಾಗುತ್ತಾ ಹೋಗುತ್ತದೆ. ನಮ್ಮದರಲ್ಲಿ 50ರ ಕೋನ 45 ಡಿಗ್ರಿ, 200ರ ಕೋನ 11 ಡಿಗ್ರಿ. 25 ಮೀಟರ್ ಆಳದಲ್ಲಿ 50ರ ವೃತ್ತ ಸುಮಾರು 21 ಮೀಟರ್ ಅಗಲ, 200ರದ್ದು 5 ಮೀಟರ್ ಕೂಡ ಪೂರ್ತಿ ಇಲ್ಲ. 50ರಲ್ಲಿ ಜಾಸ್ತಿ ಕಾಣುತ್ತದೆ ಅಂತ ಭಾವ ಹೇಳಿದ್ದು ಇದಕ್ಕೇ. ಆದರೆ ಮೆಷಿನ್‌ಗೆ ಎಡ-ಬಲ ಗೊತ್ತಿಲ್ಲ, ದೂರ ಮಾತ್ರ ಗೊತ್ತು. 21 ಮೀಟರ್ ಅಗಲದೊಳಗೆ ಎಲ್ಲಿ ಏನಿದ್ದರೂ ಅದನ್ನು ಒಂದೇ ಗೆರೆಯ ಮೇಲೆ ಇಡುತ್ತದೆ.

ಈಗ ಒಂದು ಮುರು ತಳದಿಂದ 1 ಮೀಟರ್ ಮೇಲೆ ಇದೆ ಅಂದುಕೊಳ್ಳಿ. ಅಂದರೆ 24 ಮೀಟರ್ ಆಳ. ಆದರೆ ದೋಣಿಯ ನೇರ ಕೆಳಗಲ್ಲ, 7 ಮೀಟರ್ ಪಕ್ಕದಲ್ಲಿದೆ. ಶಾಲೆಯ ಲಂಬಕೋನ ತ್ರಿಭುಜದ ಲೆಕ್ಕ ಮಾಡಿ: 24ರ ವರ್ಗ 576, 7ರ ವರ್ಗ 49, ಕೂಡಿಸಿದರೆ 625, ಅದರ ಮೂಲ 25. ದೋಣಿಯಿಂದ ಆ ಮೀನಿಗೆ ಓರೆ ದೂರ ಸರಿಯಾಗಿ 25 ಮೀಟರ್, ಅಂದರೆ ದೋಣಿಯ ಕೆಳಗಿನ ತಳದಷ್ಟೇ ದೂರ. ಮೀನಿನ ಸಣ್ಣ ಉತ್ತರ, ತಳದ ದೊಡ್ಡ ಉತ್ತರ, ಎರಡೂ ಒಂದೇ ಹೊತ್ತಿಗೆ ಬರುತ್ತವೆ. ಮೀನು ತಳದ ಕೆಂಪಿನೊಳಗೆ ಹೂತುಹೋಗುತ್ತದೆ. 7 ಮೀಟರ್‌ಗಿಂತ ಆಚೆ ಇದ್ದರೆ ತಳದ ಕೆಳಗೇ ಹೋಗುತ್ತದೆ. 50ರ ವೃತ್ತದಲ್ಲಿ ನಡುವಿನಿಂದ ಅಂಚಿಗೆ 10 ಮೀಟರ್ ಇದೆ, ಅದರಲ್ಲಿ ಹೊರಗಿನ 3 ಮೀಟರ್ ಪೂರ್ತಿ ಕುರುಡು. 200ರಲ್ಲಿ ಅಂಚಿಗೆ ಎರಡೂವರೆ ಮೀಟರ್ ಮಾತ್ರ. ಅಲ್ಲಿ ಅದೇ ಎತ್ತರದ ಮೀನು 24 ಮೀಟರ್ 12 ಸೆಂಟಿಮೀಟರ್ ದೂರದಲ್ಲಿ ಕಾಣುತ್ತದೆ, ತಳದಿಂದ ಬಿಡಿಯಾಗಿ.

ಭಾವ ಹಾಳೆಯನ್ನು ತುಂಬಾ ಹೊತ್ತು ನೋಡಿದರು. "ಅಂದ್ರೆ ಕಲ್ಲಿನ ಸಂದಿಯೂ ಹೀಗೇ ಮುಚ್ಚಿ ಹೋಗ್ತದಾ?" ಅಂದರು. ಹೌದು. ಕಲ್ಲಿನ ತುದಿಯಿಂದ ಮೊದಲು ಉತ್ತರ ಬರುತ್ತದೆ, ಪಕ್ಕದ ಇಳಿಜಾರು, ಸಂದಿ ಎಲ್ಲ ಅದರ ಹಿಂದೆ ಮುಚ್ಚಿಹೋಗುತ್ತದೆ. ಅದಕ್ಕೇ ಫೋಟೋದಲ್ಲಿ ಕಲ್ಲು ದುಂಡಗೆ ಗುಡ್ಡದ ಹಾಗೆ ಕಂಡಿದ್ದು. ಈ ಪ್ರಶ್ನೆ ನನಗೇ ಹೊಳೆದಿರಲಿಲ್ಲ. ಸಮುದ್ರ ಗೊತ್ತಿದ್ದವರು ಕೇಳುವ ಪ್ರಶ್ನೆಯೇ ಬೇರೆ.

ಇದರ ಜೊತೆಗೆ 80 ಮೀಟರ್ ರೇಂಜಿನ ತೊಂದರೆ. ನಮ್ಮ ಪರದೆಯಲ್ಲಿ ಮೇಲಿಂದ ಕೆಳಗೆ 480 ಚುಕ್ಕಿ ಇವೆ. 80 ಮೀಟರನ್ನು ಅದರಲ್ಲಿ ತುಂಬಿಸಿದರೆ 1 ಮೀಟರ್‌ಗೆ 6 ಚುಕ್ಕಿ. ತಳದಿಂದ ಅರ್ಧ ಮೀಟರ್ ಮೇಲಿನ ಮೀನಿಗೆ 3 ಚುಕ್ಕಿ. ಅಲುಗಾಡುವ ದೋಣಿಯಲ್ಲಿ, ಬಿಸಿಲಲ್ಲಿ, ಅದನ್ನು ಯಾರು ನೋಡುತ್ತಾರೆ? ಇನ್ನೊಂದು ವಿಷಯವೂ ಇದೆ. ರೇಂಜ್ ಜಾಸ್ತಿ ಇಟ್ಟಷ್ಟೂ ಮೆಷಿನ್ ಉದ್ದದ ಶಬ್ದ ಬಿಡುತ್ತದೆ. ಒಂದು ಮಿಲಿಸೆಕೆಂಡಿನ ಶಬ್ದವಾದರೆ 75 ಸೆಂಟಿಮೀಟರ್‌ಗಿಂತ ಹತ್ತಿರದ ಎರಡು ವಸ್ತು ಬೇರೆ ಬೇರೆ ಕಾಣುವುದೇ ಇಲ್ಲ, ಅಂಟಿಕೊಂಡೇ ಕಾಣುತ್ತವೆ. ಚಿಕ್ಕ ಶಬ್ದ ಬಿಟ್ಟರೆ ಇದು ಸರಿಹೋಗುತ್ತದೆ.

80 ಮೀಟರ್‌ಗೆ ಒಂದು ಉಪಯೋಗ ಇತ್ತು, ಅದನ್ನೂ ಹೇಳಬೇಕು. ಗಟ್ಟಿ ಕಲ್ಲಿನ ಮೇಲೆ ಶಬ್ದ ತಳಕ್ಕೆ ಹೋಗಿ, ಮೇಲೆ ಬಂದು, ನೀರಿನ ಮೇಲ್ಮೈಗೆ ತಾಗಿ ಮತ್ತೆ ಕೆಳಗೆ ಹೋಗಿ ಬರುತ್ತದೆ. ಆಗ 50 ಮೀಟರ್ ಹತ್ತಿರ ಎರಡನೇ ತಳವೊಂದು ಕಾಣುತ್ತದೆ. ಕೆಸರಿನ ಮೇಲೆ ಅದು ಕಾಣುವುದಿಲ್ಲ, ಕೆಸರು ಶಬ್ದವನ್ನು ನುಂಗುತ್ತದೆ. ಅಪ್ಪನ ಗುಂಡಿನ ಹಗ್ಗ ಕೈಗೆ ಹೇಳುತ್ತಿದ್ದುದನ್ನೇ ಈ ಎರಡನೇ ತಳ ಕಣ್ಣಿಗೆ ಹೇಳುತ್ತದೆ. ಕಲ್ಲು ಹುಡುಕುವಾಗ ಮಾತ್ರ 80, ಸಿಕ್ಕಿದ ಮೇಲೆ ಬೇಡ ಅಂತ ನಿರ್ಧಾರ ಮಾಡಿದೆವು.

ಎರಡನೇ ಸಲ: ಬಾಟಮ್ ಲಾಕ್

ವಾರ ಬಿಟ್ಟು ಮತ್ತೆ ಹೋದೆವು. ಈ ಸಲ ಪರದೆಯನ್ನು ಎರಡು ಭಾಗ ಮಾಡಿ ಒಂದರಲ್ಲಿ 50, ಇನ್ನೊಂದರಲ್ಲಿ 200 ಇಟ್ಟೆವು. ಎರಡು ನಾಟ್ ವೇಗದಲ್ಲಿ, ಅಂದರೆ ಸೆಕೆಂಡಿಗೆ ಒಂದು ಮೀಟರ್ ಲೆಕ್ಕದಲ್ಲಿ, ಕಲ್ಲಿನ ಮೇಲೆ ನಿಧಾನಕ್ಕೆ ದಾಟಿದೆವು. 50ರಲ್ಲಿ ಹಳೆಯ ದುಂಡು ಗುಡ್ಡವೇ ಬಂತು. 200ರಲ್ಲಿ ಅದೇ ಕಲ್ಲು ಎರಡು ಮೆಟ್ಟಿಲಾಗಿ ಕಂಡಿತು. ತೆಂಕು ಬದಿಯಲ್ಲಿ ಗೋಡೆಯ ಹಾಗೆ ಕಡಿದಾದ ಅಂಚು. ಭಾವ ಎಂಜಿನ್ ಹಿಡಿ ಬಿಟ್ಟು ಎದ್ದು ಬಂದು ನೋಡಿದರು. ಇಷ್ಟು ವರ್ಷ ಮೇಲೆ ನಿಂತಿದ್ದ ಕಲ್ಲಿನ ಆಕಾರವನ್ನು ಮೊದಲ ಸಲ ನೋಡುವುದು ಅಂದರೆ ಸಣ್ಣ ಸಂಗತಿಯಲ್ಲ.

ಆಮೇಲೆ 200ರಲ್ಲೇ ಬಾಟಮ್ ಲಾಕ್ ಹಾಕಿದೆ. ಈ ಮೋಡ್‌ನಲ್ಲಿ ಮೆಷಿನ್ ತಳವನ್ನು ಹಿಡಿದು ನೇರ ಗೆರೆ ಮಾಡಿಬಿಡುತ್ತದೆ. ತಳ ಏರಲಿ ಇಳಿಯಲಿ, ಪರದೆಯ ಕೆಳಗೆ ಒಂದು ಸಪಾಟು ಗೆರೆ, ಅದರ ಮೇಲಿನ 5 ಮೀಟರ್ ನೀರು ಮಾತ್ರ ಪೂರ್ತಿ ಎತ್ತರಕ್ಕೆ ಹಿಗ್ಗಿ ಕಾಣುತ್ತದೆ. ಪಕ್ಕದ ಅರ್ಧದಲ್ಲಿ ಮಾಮೂಲಿ ಚಿತ್ರ ಇರುತ್ತದೆ. ತಳದಿಂದ ಮೀನು ಎಷ್ಟು ಮೇಲಿದೆ ಅಂತ ಓದಲು ಇದರಷ್ಟು ಸುಲಭದ್ದು ಬೇರೆ ಇಲ್ಲ. ಜೊತೆಗೆ ವೈಟ್ ಲೈನ್ ಆನ್ ಮಾಡಿದೆ. ಅದು ತೀರಾ ಜೋರಾದ ಉತ್ತರವನ್ನು ಬಿಳಿ ಮಾಡುತ್ತದೆ. ತಳದ ಮೇಲಂಚು ಬಿಳಿ ಗೆರೆ ಆಗುತ್ತದೆ, ಅದಕ್ಕೆ ತಾಗಿಕೊಂಡ ಮೀನಿನ ಬಣ್ಣ ಹಾಗೇ ಉಳಿಯುತ್ತದೆ. ಕೆಂಪಿನ ಮೇಲೆ ಕೆಂಪು ಹುಡುಕುವ ಕಷ್ಟ ತಪ್ಪುತ್ತದೆ. ಗೇನನ್ನು ಆಟೋದಿಂದ ತೆಗೆದೆ. ಪರದೆಯಲ್ಲಿ ಧೂಳಿನಂಥ ಚುಕ್ಕಿ ಬರುವ ತನಕ ಏರಿಸಿ, ಅದು ಮಾಯವಾಗುವಷ್ಟು ಇಳಿಸಿದೆ. ಆಟೋ ಗೇನ್ ಕೆಟ್ಟದ್ದಲ್ಲ, ಆದರೆ ಮೇಲಿನ ಮೋಡ ಬಂದಾಗ ಒಂದು ಲೆಕ್ಕ, ಹೋದಾಗ ಒಂದು ಲೆಕ್ಕ ಅಂತ ಬದಲಾಗುತ್ತಾ ಹೋದರೆ ನಮಗೆ ಹೋಲಿಕೆ ಮಾಡಲು ಆಗುವುದಿಲ್ಲ.

ತೆಂಕು ಅಂಚನ್ನು ದಾಟುವಾಗ ಬಂತು. ಬಿಳಿ ಗೆರೆಯಿಂದ ಒಂದು, ಒಂದೂವರೆ ಮೀಟರ್ ಮೇಲೆ, ಹಳದಿ ನಡುವಿನ ಹಸಿರು ಕಮಾನುಗಳು. ಮೂರು. ಸ್ವಲ್ಪ ಮುಂದೆ ಇನ್ನೊಂದು, ಗೆರೆಗೆ ಬಹುತೇಕ ತಾಗಿಕೊಂಡು.

ಲಂಗರು ಹಾಕಿದೆವು. ಒಂದೂವರೆ ಗಂಟೆ ಗಾಳ ಬಿಟ್ಟೆವು. ಏನೂ ಸಿಗಲಿಲ್ಲ.

ಪರದೆಯ ಬಲ ಅಂಚು

ವಾಪಸ್ ಬರುವಾಗ ಭಾವ ಮಾತಾಡಲಿಲ್ಲ. ನಾನೂ ಸುಮ್ಮನಿದ್ದೆ. ತಪ್ಪು ಸಿಕ್ಕಿದ್ದು ಮಾರನೇ ದಿನ, ಭಾವ ಲಂಗರು ಹಾಕಲು ಹೇಳಿದ ಕ್ಷಣ ನೆನಪು ಮಾಡಿಕೊಂಡಾಗ. ಕಮಾನುಗಳು ಪರದೆಯ ನಡುವಿಗೆ ಬಂದಾಗ ಅವರು "ಹಾಕು" ಅಂದಿದ್ದರು. ಪರದೆಯ ನಡು ಅಂದರೆ ದೋಣಿಯ ಕೆಳಗೆ ಅಂತ ಅವರ ತಿಳಿವಳಿಕೆ. ಹೀಗೆ ತಿಳಿದುಕೊಂಡವರು ಬಹಳ ಜನ ಇದ್ದಾರೆ, ನಾನು ದಕ್ಕೆಯಲ್ಲಿ ಕೇಳಿ ನೋಡಿದ್ದೇನೆ.

ಫಿಶ್ ಫೈಂಡರ್ ಪರದೆಯಲ್ಲಿ ಈಗಿನದು ಬಲಗಡೆಯ ಕೊನೆಯ ಒಂದು ಗೆರೆ ಮಾತ್ರ. ಉಳಿದದ್ದೆಲ್ಲ ಆಗಿಹೋದದ್ದು. ಪ್ರತಿ ಸಲ ಶಬ್ದ ಹೋಗಿ ಬಂದಾಗ ಒಂದು ಹೊಸ ಗೆರೆ ಬಲಕ್ಕೆ ಸೇರುತ್ತದೆ, ಹಳೆಯದು ಎಡಕ್ಕೆ ಸರಿಯುತ್ತದೆ. ನಮ್ಮ ಪರದೆ ಒಮ್ಮೆ ಪೂರ್ತಿ ಬದಲಾಗಲು ಎರಡು ನಿಮಿಷ ಬೇಕಿತ್ತು. ಅಂದರೆ ನಡುವೆ ಕಂಡದ್ದು ಒಂದು ನಿಮಿಷ ಹಿಂದಿನದು. ಎರಡು ನಾಟ್‌ನಲ್ಲಿ ಒಂದು ನಿಮಿಷಕ್ಕೆ 60 ಮೀಟರ್ ದಾಟಿಬಿಟ್ಟಿರುತ್ತೇವೆ. ಮೊದಲೆಲ್ಲ ಭಾವ ಆರು ನಾಟ್‌ನಲ್ಲಿ ಹೋಗುತ್ತಾ ನೋಡುತ್ತಿದ್ದರು, ಆಗ 185 ಮೀಟರ್. ಕಲ್ಲೇ ಅಷ್ಟು ದೊಡ್ಡದಿಲ್ಲ!

ಇದೇ ಕಾರಣಕ್ಕೆ ಇನ್ನೊಂದು ಗೊಂದಲವೂ ಆಗಿತ್ತು. ಲಂಗರು ಹಾಕಿ ನಿಂತಾಗ ಕಮಾನು ಬರುವುದಿಲ್ಲ, ಕೆಳಗೆ ನಿಂತ ಒಂದೇ ಮೀನು ಪರದೆಯ ಉದ್ದಕ್ಕೂ ಗೆರೆ ಎಳೆಯುತ್ತದೆ. "ಎಷ್ಟು ಉದ್ದದ ಮೀನು ಕಾಣಿ" ಅಂತ ದೋಣಿಯ ಹುಡುಗ ಕೂಗಿದ್ದ. ಆ ಉದ್ದ ಮೀನಿನದ್ದಲ್ಲ, ಅದು ನಿಂತ ಹೊತ್ತಿನದ್ದು. ಮೀನಿನ ಗಾತ್ರಕ್ಕೆ ಸುಳಿವು ಬೇಕಾದರೆ ಬಣ್ಣ ಮತ್ತು ದಪ್ಪ ನೋಡಬೇಕು.

ಇದಕ್ಕೆ ಪರಿಹಾರ ಮೆಷಿನ್ ಒಳಗೇ ಇತ್ತು. ಎ-ಸ್ಕೋಪ್ ಅನ್ನುವ ಮೋಡ್. ಆನ್ ಮಾಡಿದರೆ ಪರದೆಯ ಬಲ ತುದಿಯಲ್ಲಿ ಒಂದು ಕಿರು ಪಟ್ಟಿ ಬರುತ್ತದೆ. ಈ ಕ್ಷಣ ದೋಣಿಯ ಕೆಳಗೆ ಯಾವ ಆಳದಿಂದ ಎಷ್ಟು ಜೋರಾದ ಉತ್ತರ ಬರುತ್ತಿದೆ ಅನ್ನುವುದನ್ನು ಅಡ್ಡ ಗೆರೆಗಳಾಗಿ ತೋರಿಸುತ್ತದೆ. ಮುಂದಿನ ಶಬ್ದಕ್ಕೆ ಅಳಿಸಿ ಹೊಸದು ಬರೆಯುತ್ತದೆ. ಹಿಂದಿನದು ಏನೂ ಉಳಿಯುವುದಿಲ್ಲ. ಲಂಗರು ಹಾಕುವವನಿಗೆ ಬೇಕಾದ್ದು ಅದೇ ಅಲ್ವಾ? ನನ್ನ ಮಟ್ಟಿಗೆ ಇಡೀ ಮೆಷಿನ್‌ನಲ್ಲಿ ಜನ ಮುಟ್ಟದೇ ಬಿಟ್ಟಿರುವ, ಆದರೆ ತುಂಬಾ ಬೇಕಾದ ಮೋಡ್ ಇದೊಂದೇ.

ಲಂಗರಿನದ್ದೇ ಇನ್ನೊಂದು ಲೆಕ್ಕ ಇತ್ತು, ಅದು ಭಾವನಿಗೆ ನನಗಿಂತ ಚೆನ್ನಾಗಿ ಗೊತ್ತು. 25 ಮೀಟರ್ ನೀರಿಗೆ 75 ಮೀಟರ್ ಹಗ್ಗ ಬಿಟ್ಟರೆ ದೋಣಿ ಲಂಗರಿನಿಂದ 70 ಮೀಟರ್ ಹಿಂದೆ ಹೋಗಿ ನಿಲ್ಲುತ್ತದೆ. ಆ ದಿನಗಳಲ್ಲಿ ನೀರು ಬಡಗಿಗೆ ಎಳೆಯುತ್ತಿತ್ತು. ಹಾಗಾಗಿ ತೆಂಕು ಅಂಚಿನ ಮೇಲೆ ನಿಲ್ಲಬೇಕಾದರೆ ಲಂಗರು ಇನ್ನೂ 70 ಮೀಟರ್ ತೆಂಕಿಗೆ ಬೀಳಬೇಕು.

ಮೂರನೇ ಸಲ

ಡಿಸೆಂಬರ್ ಮೊದಲ ವಾರ. 80 ಮೀಟರ್ ರೇಂಜಿನಲ್ಲಿ ಎರಡನೇ ತಳ ನೋಡಿ ಕಲ್ಲು ಹಿಡಿದೆವು. ರೇಂಜ್ ಇಳಿಸಿ, 200, ಬಾಟಮ್ ಲಾಕ್, ಎ-ಸ್ಕೋಪ್ ಹಾಕಿಕೊಂಡೆವು. ತೆಂಕು ಅಂಚನ್ನು ಮೂರು ಸಲ ದಾಟಿದೆವು. ಪ್ರತಿ ಸಲವೂ ಎ-ಸ್ಕೋಪ್‌ನಲ್ಲಿ ತಳದ ಮೇಲೆ ಗೆರೆ ಎದ್ದ ಕ್ಷಣಕ್ಕೆ ಜಿಪಿಎಸ್‌ನಲ್ಲಿ ಗುರುತು ಒತ್ತಿದೆ. ಮೂರು ಗುರುತು 15 ಮೀಟರ್ ಒಳಗೆ ಬಿದ್ದವು. ಭಾವ ತೆಂಕಿಗೆ ಹೋಗಿ ಲಂಗರು ಬಿಟ್ಟು, ಹಗ್ಗ ಬಿಡುತ್ತಾ ಬಿಡುತ್ತಾ ದೋಣಿಯನ್ನು ಆ ಗುರುತುಗಳ ಮೇಲೆ ತಂದು ನಿಲ್ಲಿಸಿದರು. ಆ ಕೈಚಳಕ ಯಾವ ಮೆಷಿನ್‌ನಲ್ಲೂ ಇಲ್ಲ.

ಗಾಳ ತಳ ಮುಟ್ಟಿಸಿ ಅರ್ಧ ಮಾರು ಮೇಲೆ ಎಳೆದು ಹಿಡಿದರು. ಹತ್ತು ನಿಮಿಷ ಆಗಿತ್ತೋ ಇಲ್ಲವೋ, ಮೊದಲ ಮುರು ಬಂತು. ಮಧ್ಯಾಹ್ನ ಪಡುಗಾಳಿ ಏಳುವ ಹೊತ್ತಿಗೆ ನಾಲ್ಕು ಮುರು, ಎರಡು ಕೆಂಬೇರಿ. ದೊಡ್ಡ ಮುರು ಮೂರು ಕಿಲೋ ದಾಟಿತ್ತು. ಅದೊಂದು ದಿನದ ಮೀನಿನಿಂದ ಮೆಷಿನ್‌ನ ದುಡ್ಡು ಹುಟ್ಟುವುದಿಲ್ಲ, ಸರಿ. ಆದರೆ ಭಾವನ ಮುಖ ನೋಡಬೇಕಿತ್ತು. ಮನೆಗೆ ಬಂದು ಅಕ್ಕನಿಗೆ ಮೊದಲು ಹೇಳಿದ್ದು ಮೀನಿನ ವಿಷಯವಲ್ಲ, ಕಲ್ಲಿಗೆ ಎರಡು ಮೆಟ್ಟಿಲು ಇದೆ ಅನ್ನುವ ವಿಷಯ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಬಾಟಮ್ ಲಾಕ್‌ನಲ್ಲಿ ತಳ ಸಪಾಟಾಗಿ ಕಾಣುವುದರಿಂದ ಕಲ್ಲು ಏರುವುದು ಇಳಿಯುವುದು ಗೊತ್ತಾಗುವುದಿಲ್ಲ. ಲಂಗರು ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ ಅಂತ ನೋಡಲು ಬಾಟಮ್ ಝೂಮ್ ಬೇಕು. ಅದು ತಳದ ಭಾಗವನ್ನು ಹಿಗ್ಗಿಸುತ್ತದೆ, ಆದರೆ ಏರು-ಇಳಿವನ್ನು ಹಾಗೇ ಬಿಡುತ್ತದೆ. ಕಡಿದಾದ ಅಂಚಿನಲ್ಲಿ ಬಾಟಮ್ ಲಾಕ್ ಒಮ್ಮೊಮ್ಮೆ ತಡಬಡಿಸಿ ತಳವನ್ನು ತಪ್ಪಾಗಿ ಹಿಡಿಯುವುದನ್ನೂ ನೋಡಿದೆವು. ಪಕ್ಕದ ಮಾಮೂಲಿ ಚಿತ್ರದ ಮೇಲೂ ಒಂದು ಕಣ್ಣು ಇರಲಿ.

ನಾಲ್ಕನೇ ಸಲ, ಕದಲದ ಗುರುತು

ಕೊನೆಯ ಸಲ ಹೋದಾಗ ಕಲ್ಲಿನ ಮೂಡು ಬದಿಯನ್ನೂ ನೋಡುವ ಅಂದರು ಭಾವ. ಅಲ್ಲಿ ಬಾಟಮ್ ಲಾಕ್‌ನಲ್ಲಿ ತಳದಿಂದ ಎರಡು ಮೀಟರ್ ತನಕ ಎದ್ದ, ಜೂಲುಜೂಲಾದ ಹಸಿರು ಗುರುತು ಬಂತು. ಮೀನಿನ ಗುಂಪು ಅಂದುಕೊಂಡೆವು. 50ರಲ್ಲೂ ತೆಳುವಾಗಿ ಕಾಣುತ್ತಿತ್ತು. ಲಂಗರು ಹಾಕಿ ನಿಂತೆವು. ಒಂದು ಗಂಟೆ ಆದರೂ ಒಂದು ಕಚ್ಚೂ ಇಲ್ಲ.

ಮೀನು ಇದ್ದೂ ಕಚ್ಚದ ದಿನ ಇರುತ್ತದೆ, ಅದು ಎಲ್ಲರಿಗೂ ಗೊತ್ತು. ಆದರೆ ನನಗೆ ಕಸಿವಿಸಿ ಆಗಿದ್ದು ಬೇರೆ ಕಾರಣಕ್ಕೆ. ಲಂಗರು ಎತ್ತಿ ಅದರ ಮೇಲೆ ಮೂಡು-ಪಡು ಒಂದು ಸಲ, ತೆಂಕು-ಬಡಗು ಒಂದು ಸಲ ದಾಟಿದೆವು. ಪ್ರತಿ ಸಲ ಅದೇ ಜಾಗ, ಅದೇ ಎತ್ತರ. ಎ-ಸ್ಕೋಪ್‌ನಲ್ಲಿ ಗೆರೆಗಳು ಮೀನಿನ ಹಾಗೆ ಬಂದು ಹೋಗುತ್ತಿರಲಿಲ್ಲ, ನಿಂತೇ ಇದ್ದವು. ಮೂರು ಗಂಟೆ ಬಿಟ್ಟು ನೋಡಿದರೂ ಹಾಗೇ. ಮೀನಿನ ಗುಂಪು ಮೂರು ಗಂಟೆ ಒಂದು ಅಡಿ ಕೂಡ ಕದಲದೆ ನಿಲ್ಲುತ್ತದಾ?

ಹುಡುಗನ ಗಾಳ ಅಲ್ಲೇ ಸಿಕ್ಕಿಹಾಕಿಕೊಂಡಿತು. ಮೂವರೂ ಸೇರಿ ನಿಧಾನ ಎಳೆದಾಗ ಮೇಲೆ ಬಂದಿದ್ದು ಪಾಚಿ ಹಿಡಿದ ಟ್ರಾಲ್ ಬಲೆಯ ಒಂದು ಮೊಳ ತುಂಡು. ಯಾವುದೋ ಬೋಟಿನ ಬಲೆ ಯಾವತ್ತೋ ಕಲ್ಲಿಗೆ ಸಿಕ್ಕಿ ಹರಿದು ಅಲ್ಲೇ ಉಳಿದಿದೆ, ನೀರಲ್ಲಿ ಎದ್ದು ನಿಂತಿದೆ. ಭಾವ ಆ ತುಂಡನ್ನು ನೀರಿಗೆ ವಾಪಸ್ ಹಾಕಲಿಲ್ಲ, ದೋಣಿಯ ಮೂಲೆಯಲ್ಲಿ ಇಟ್ಟರು. ಜಿಪಿಎಸ್‌ನಲ್ಲಿ ತೆಂಕು ಅಂಚಿಗೆ ಮೀನಿನ ಗುರುತು ಇತ್ತು. ಮೂಡು ಬದಿಗೆ ಲಂಗರು ಹಾಕಬಾರದ ಗುರುತು ಹಾಕಿಸಿದರು. ದಕ್ಕೆಗೆ ಬಂದ ಮೇಲೆ ಆ ಕಲ್ಲಿಗೆ ಹೋಗುವ ಇನ್ನೆರಡು ದೋಣಿಯವರನ್ನು ಕರೆದು, ಬಲೆ ಎಲ್ಲಿದೆ ಅಂತ ತೋರಿಸಿ, ಅವರ ಜಿಪಿಎಸ್‌ಗೂ ಆ ನಂಬರ್ ಹಾಕಿಕೊಟ್ಟರು.